ಹೆಬ್ಬೆಟ್ಟು ಒತ್ತುವ ಮೊದಲು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಿಂದ ನಿಮ್ಮ ಸಂಘ ಬೀಜ, ಗೊಬ್ಬರ, ಬೆಳೆಸಾಲ ಅಂತ ರೈತರ ಬೆನ್ನಿಗೆ ನಿಂತಿದೆ. ಈ ಸಂತೋಷದಾಗ ವೃದ್ಧಾಶ್ರಮದವರಿಗೆ ಏನು ಕೆಲಸ ಅಂತ ಕೆಲವರಿಗೆ ಅನಿಸಿರಬಹುದು. ಆದರೆ ವಿಜಯಪುರದ ನಮ್ಮ ಆಶ್ರಮದಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ರೈತಾಪಿ ಜನರೂ ಇದ್ದಾರೆ.

ಆಶ್ರಮ ನಡೆಸುವುದೆಂದರೆ ಬರೇ ಊಟ ಹಾಕುವುದಲ್ಲ. ಊಟಕ್ಕೆ ನಮ್ಮ ಭಾಗದಲ್ಲಿ ಕೊರತೆಯಿಲ್ಲ. ಹಬ್ಬ ಬಂತೆಂದರೆ ನಾಲ್ಕು ಮನೆಯಿಂದ ಹೋಳಿಗೆ ಬರುತ್ತವೆ, ಅದೂ ಸಕ್ಕರೆ ಕಾಯಿಲೆಯವರಿಗೆ! ಕಷ್ಟ ಇರುವುದು ರಾತ್ರಿ. ಹಾಸಿಗೆ ಹಿಡಿದವರ ಮಗ್ಗಲನ್ನು ಎರಡು ತಾಸಿಗೊಮ್ಮೆ ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ದವಾಖಾನೆಗೆ ಒಯ್ದರೆ "ಇವರ ಕಡೆಯವರು ಯಾರ್ರೀ?" ಅಂತ ಕೇಳುತ್ತಾರೆ. ನಾವೇ ಸಹಿ ಮಾಡುತ್ತೇವೆ. ಜೀವನವೆಲ್ಲ ಕಳೆ ಕಿತ್ತ ಕೈಯ ಗೆರೆ ಸವೆದು ಆಧಾರ್ ಯಂತ್ರದಲ್ಲಿ ಹೆಬ್ಬೆರಳು ಮೂಡುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ ತಿಂಗಳುಗಟ್ಟಲೆ ಅಲೆದದ್ದುಂಟು. ಅದೇ ಹೆಬ್ಬೆರಳು ದಾನಪತ್ರದ ಮೇಲೆ ಮಾತ್ರ ಸ್ವಚ್ಛವಾಗಿ ಮೂಡಿರುತ್ತದೆ.

ಒಬ್ಬ ಅಜ್ಜಿಯ ಸಂಗತಿ ಹೇಳುತ್ತೇವೆ. ಮಕ್ಕಳಿಲ್ಲ. "ಸಾಯೂತನಕಾ ನೋಡ್ಕೋತೀನಿ ದೊಡ್ಡವ್ವಾ" ಅಂದ ಮೈದುನನ ಮಗನಿಗೆ ಹೊಲ ಬರೆದುಕೊಟ್ಟಳು. ಮಾತು ಬಾಯಾಗ ಉಳೀತು, ಪತ್ರಕ್ಕೆ ಬರಲಿಲ್ಲ. ಉತಾರದಲ್ಲಿ ಹೆಸರು ಬದಲಾಯಿತು. ನಾಲ್ಕನೆಯ ವರ್ಷ ಆಕೆ ನಮ್ಮ ಬಾಗಿಲಿಗೆ ಬಂದಳು. ಇಂದಿಗೂ ಮಳೆ ಬಿದ್ದರೆ "ಹೊಲ ಹದ ಆಗಿರಬೇಕು ನೋಡು" ಅಂತಾಳೆ.

ಎಲ್ಲ ಮಕ್ಕಳನ್ನೂ ಬೈಯುವುದು ಸರಿಯಲ್ಲ. ಹೊಟ್ಟೆಪಾಡಿಗೆ ಗೋವಾ, ಮಹಾರಾಷ್ಟ್ರಕ್ಕೆ ಹೋದವರು ಅವ್ವ-ಅಪ್ಪನ ಚಿಂತೆಯಲ್ಲೇ ದುಡಿಯುತ್ತಾರೆ. ಆದರೆ ಕಾಗದದ ಮಾತೇ ಬೇರೆ. ಹಿರಿಯ ನಾಗರಿಕರ ಪೋಷಣೆಗೆಂದೇ 2007ರಲ್ಲಿ ಒಂದು ಕಾಯ್ದೆ ಬಂದಿದೆ. ಅದರ 23ನೆಯ ಕಲಮಿನ ಪ್ರಕಾರ, ಅರವತ್ತು ದಾಟಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ತಪ್ಪಿದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರ ರದ್ದು ಮಾಡಬಹುದು. ಕರಾರು ಇತ್ತೆಂದು ತೋರಿಸಲಾಗದೆ ಸೋತವರಿದ್ದಾರೆ. ಮಕ್ಕಳಿಲ್ಲದವರ ಆಸ್ತಿ ಅನುಭವಿಸುವ ಸಂಬಂಧಿಕರಿಂದಲೂ ಜೀವನಾಂಶ ಕೇಳಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ.

ಊರಾಗ ಯಾರೇ ಪತ್ರ ಬರೆಸಲಿ, ಸಾಕ್ಷಿಗೆ ಕರೆಯುವುದು ನಿಮ್ಮಂಥ ನಾಲ್ಕು ಮಂದಿಯನ್ನೇ. ಪೆನ್ನು ತೆಗೆಯುವ ಮೊದಲು ಆ ಒಂದು ಸಾಲು ಇದೆಯೋ ಇಲ್ಲವೋ ಗಟ್ಟಿಯಾಗಿ ಓದಿಸಿರಿ. ಹಿರಿಯರ ಸಹಾಯವಾಣಿ 14567 ನಂಬರನ್ನು ಸಂಘದ ಗೋಡೆಗೆ ದೊಡ್ಡದಾಗಿ ಬರೆಸಿರಿ.

ಇನ್ನೂ ಹೇಳುವುದಿತ್ತು, ಆದರೆ ಎಂಟು ಗಂಟೆಗೆ ಅಲ್ಲಿ ಗುಳಿಗೆ ಕೊಡುವ ಹೊತ್ತು. ಅಪ್ಪಣೆ ಕೊಡ್ರಿ, ಬರ್ತೀವಿ.