ಗಲ್ಫಿಗೆ ಹೊಸದಾಗಿ ಹೋದವರ ಲೆಕ್ಕ ಯಾರಲ್ಲಿದೆ?

(ಕರಾವಳಿಯ ಅನಿವಾಸಿ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಕರಾವಳಿಯ ಯಾವ ಊರಿಗೆ ಹೋದರೂ ಗಲ್ಫ್‌ನ ದುಡಿಮೆಯಿಂದ ಎದ್ದು ನಿಂತ ಮನೆಗಳನ್ನು ನಾವು ಅಭಿಮಾನದಿಂದ ತೋರಿಸುತ್ತೇವೆ. ಆ ಹಣದಿಂದ ಮಸೀದಿಗಳು ನವೀಕರಣಗೊಂಡಿವೆ, ಶಾಲೆಗಳು ತಲೆಯೆತ್ತಿವೆ, ಎಷ್ಟೋ ಹೆಣ್ಣುಮಕ್ಕಳ ವಿವಾಹವಾಗಿದೆ. ಈ ಲೆಕ್ಕವೆಲ್ಲ ನಮ್ಮಲ್ಲಿದೆ. ಆದರೆ ಅಲ್ಲಿಗೆ ಹೋಗಿ, ಒಂದು ಕೋಣೆಯನ್ನೂ ಕಟ್ಟಿಸಲಾಗದೆ, ಹೋಗುವಾಗ ಮಾಡಿದ ಸಾಲವನ್ನು ಹೊತ್ತುಕೊಂಡೇ ಮರಳಿದವರ ಲೆಕ್ಕ ಯಾರಲ್ಲಿದೆ? 2020ರ ಕೊರೋನಾ ಸಾಂಕ್ರಾಮಿಕವು ನಮ್ಮ ಮುಂದಿಟ್ಟ ಪ್ರಶ್ನೆ ಇದು. ರೋಗ ಹಿಂದೆ ಸರಿದಿದೆ. ಪ್ರಶ್ನೆ ಹಾಗೆಯೇ ಉಳಿದಿದೆ.

2020ರ ಮಾರ್ಚ್ 22ರಿಂದ ಭಾರತಕ್ಕೆ ಬರುವ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತವು. ಆ ದಿನ ಗಲ್ಫ್‌ನಲ್ಲಿದ್ದ ನಮ್ಮವರೆಲ್ಲರೂ ಒಂದೇ ಸಂಕಟದಲ್ಲಿದ್ದರೆಂದು ನಾವು ಭಾವಿಸಿದ್ದೆವು. ಅದು ನಿಜವಲ್ಲ. ಹದಿನೈದು ವರ್ಷ ದುಡಿದವನಿಗೆ ಅಲ್ಪಸ್ವಲ್ಪ ಉಳಿತಾಯವಿತ್ತು, ಕೆಲಸ ಬಿಟ್ಟರೆ ಸಿಗಬೇಕಾದ ಸೇವಾಂತ್ಯದ ಮೊತ್ತವಿತ್ತು, ಸಾಲ ಕೊಡುವ ಪರಿಚಿತರಿದ್ದರು, ಕಚೇರಿಯಲ್ಲಿ ಮಾತನಾಡಲು ಭಾಷೆಯಿತ್ತು. ಆ ಜನವರಿ, ಫೆಬ್ರವರಿಯಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದವನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಅವನಲ್ಲಿದ್ದದ್ದು ಸಾಲ ಮಾತ್ರ.

ಬಂಟ್ವಾಳದ್ದೋ ಬೆಳ್ತಂಗಡಿಯದ್ದೋ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ವೀಸಾ, ಟಿಕೆಟ್, ವೈದ್ಯಕೀಯ ತಪಾಸಣೆ, ಏಜೆಂಟನ ಪಾಲು ಎಂದು ಅವನು ಒಂದು ಲಕ್ಷ ರೂಪಾಯಿ ಹೊಂದಿಸಿದ್ದಾನೆ. ಅರ್ಧ ತಾಯಿಯ ಒಡವೆ ಅಡವಿಟ್ಟದ್ದು, ಅರ್ಧ ಕೈಸಾಲ. ದುಬೈಯಲ್ಲಿ ಅವನ ಸಂಬಳ ತಿಂಗಳಿಗೆ 1,200 ದಿರ್ಹಮ್. ಅಂದಿನ ಬೆಲೆಯಲ್ಲಿ ಸುಮಾರು 24 ಸಾವಿರ ರೂಪಾಯಿ. ಊಟ, ಫೋನು, ಮಲಗುವ ಜಾಗವೆಂದು 500 ದಿರ್ಹಮ್ ಕಳೆದರೆ ಮನೆಗೆ ಕಳುಹಿಸಬಹುದಾದದ್ದು 14 ಸಾವಿರ. ಅಂದರೆ ಬಡ್ಡಿಯನ್ನು ಬಿಟ್ಟರೂ, ಮನೆಗೆ ಒಂದು ಕಿಲೋ ಅಕ್ಕಿಯ ಹಣ ಕೊಡದಿದ್ದರೂ, ಅಸಲು ತೀರಲು ಏಳು ತಿಂಗಳಿಗಿಂತ ಹೆಚ್ಚು ಬೇಕು. ಎರಡನೆಯ ತಿಂಗಳಲ್ಲೇ ಕೆಲಸ ನಿಂತರೆ? ಅವನು ಬಡವನಾಗಿ ಹೊರಟವನು, ಈಗ ಬಡವನೂ ಸಾಲಗಾರನೂ ಆದನು. ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತುಗಳನ್ನು ಮುಂದೂಡಲು ಅವಕಾಶ ನೀಡಿತಾದರೂ ಬಡ್ಡಿ ಓಡುತ್ತಲೇ ಇತ್ತು. ನೆರೆಮನೆಯಿಂದ ತಂದ ಕೈಸಾಲಕ್ಕಂತೂ ಅಂತಹ ಯಾವ ಸುತ್ತೋಲೆಯೂ ಅನ್ವಯಿಸುವುದಿಲ್ಲ.

ಹೊಸದಾಗಿ ಹೋದವರಲ್ಲೂ ಮೂರು ತರದವರಿದ್ದರು. ಮೊದಲನೆಯವರು ಕಂಪೆನಿಯ ವೀಸಾದಲ್ಲಿ ಹೋದವರು. ಯುಎಇಯಲ್ಲಿ 2020ರ ಮಾರ್ಚ್ ಕೊನೆಯಲ್ಲಿ ಹೊರಟ ಸಚಿವಾಲಯದ ಆದೇಶವೊಂದು, ನೌಕರರ ಒಪ್ಪಿಗೆಯೊಂದಿಗೆ ಸಂಬಳರಹಿತ ರಜೆ ನೀಡಲು ಮತ್ತು ವೇತನ ಕಡಿತಗೊಳಿಸಲು ಖಾಸಗಿ ಸಂಸ್ಥೆಗಳಿಗೆ ದಾರಿ ಮಾಡಿಕೊಟ್ಟಿತು. ಒಪ್ಪಿಗೆ ಎಂಬುದು ಸುಂದರವಾದ ಪದ. ಆದರೆ ಮಾಲಕನ ಕೈಯಲ್ಲೇ ತನ್ನ ವಾಸ್ತವ್ಯದ ಪರವಾನಗಿ ಇರುವಾಗ, ಎರಡು ತಿಂಗಳ ಹಿಂದೆ ಬಂದವನು ಸಹಿ ಹಾಕುವುದಿಲ್ಲವೆಂದು ಹೇಳಬಲ್ಲನೇ?

ಎರಡನೆಯವರು ನಮ್ಮ ಊರಿನಲ್ಲಿ ‘ಫ್ರೀ ವೀಸಾ’ ಎಂದು ಕರೆಯಲ್ಪಡುವ ವೀಸಾದಲ್ಲಿ ಹೋದವರು. ಕಾಗದದಲ್ಲಿ ಒಬ್ಬ ಪ್ರಾಯೋಜಕ, ದುಡಿಯುವುದು ಇನ್ನೊಬ್ಬರಲ್ಲಿ. ಇದರಲ್ಲಿ ಫ್ರೀ ಎನ್ನುವಂಥದ್ದು ಏನೂ ಇಲ್ಲ, ಪ್ರಾಯೋಜಕನಿಗೆ ಹಣ ತೆರುತ್ತಲೇ ಇರಬೇಕು. ಸಾಂಕ್ರಾಮಿಕದ ದಿನಗಳಲ್ಲಿ ಇವರಿಗೆ ಸಂಬಳ ಕೊಡುವ, ಊಟ ಹಾಕುವ, ಟಿಕೆಟ್ ತೆಗೆದುಕೊಡುವ ಹೊಣೆ ಕಾನೂನಿನ ಪ್ರಕಾರ ಕಾಗದದಲ್ಲಿದ್ದ ಪ್ರಾಯೋಜಕನದ್ದಾಗಿದ್ದರೂ ವಾಸ್ತವದಲ್ಲಿ ಯಾರ ಮೇಲೂ ಬೀಳಲಿಲ್ಲ.

ಮೂರನೆಯವರು ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಹೋದವರು. ಎಪ್ರಿಲ್‌ನಲ್ಲಿ ಯುಎಇ ಸರಕಾರವು ಮಾರ್ಚ್ ಒಂದರ ಬಳಿಕ ಮುಗಿದ ವೀಸಾಗಳಿಗೆ ವರ್ಷಾಂತ್ಯದವರೆಗೆ ಮಾನ್ಯತೆ ನೀಡಿತು. ಜನ ನಿಟ್ಟುಸಿರು ಬಿಟ್ಟರು. ಜುಲೈಯಲ್ಲಿ ಆ ತೀರ್ಮಾನವನ್ನು ಹಿಂಪಡೆದು ಸೀಮಿತ ಕಾಲಾವಕಾಶ ಕೊಡಲಾಯಿತು. ಡಿಸೆಂಬರ್‌ವರೆಗೆ ಕಾದರೆ ಕೆಲಸ ಸಿಕ್ಕೀತೆಂದು ಇನ್ನಷ್ಟು ಸಾಲ ಮಾಡಿ ಉಳಿದವರ ಪಾಡೇನು?

ಹಣದ ಸಂಕಟದೊಂದಿಗೆ ದೇಹ ಮತ್ತು ಮನಸ್ಸಿನ ಸಂಕಟವೂ ಸೇರಿತು. ದೋಹಾದ ಕೈಗಾರಿಕಾ ಪ್ರದೇಶವನ್ನು ಮಾರ್ಚ್ ಮಧ್ಯದಲ್ಲೇ ಮುಚ್ಚಲಾಯಿತು. ದುಬೈಯ ಅಲ್ ರಾಸ್, ಕುವೈತ್‌ನ ಜಲೀಬ್ ಮತ್ತು ಮಹ್‌ಬೂಲಾ ಪ್ರದೇಶಗಳಿಗೂ ದಿಗ್ಬಂಧನ ಹಾಕಲಾಯಿತು. ಇವೆಲ್ಲ ವಲಸೆ ಕಾರ್ಮಿಕರು ಕಿಕ್ಕಿರಿದು ವಾಸಿಸುವ ತಾಣಗಳು. ಒಂದು ಕೋಣೆಯಲ್ಲಿ ಎಂಟು, ಹತ್ತು ಮಂದಿ ಮಂಚದ ಮೇಲೊಂದು ಮಂಚವಿಟ್ಟು ಮಲಗುವಲ್ಲಿ ಪರಸ್ಪರ ಅಂತರ ಕಾಯ್ದುಕೊಳ್ಳಿ ಎಂಬ ಉಪದೇಶಕ್ಕೆ ಏನರ್ಥ? ಆ ವರ್ಷ ರಮಝಾನ್‌ನಲ್ಲಿ ಸಾಮೂಹಿಕ ಇಫ್ತಾರ್ ಡೇರೆಗಳೂ ಇರಲಿಲ್ಲ. ಬಡ ಕಾರ್ಮಿಕನಿಗೆ ತಿಂಗಳು ಪೂರ್ತಿ ಹೊಟ್ಟೆ ತುಂಬಾ ಊಟ ಸಿಗುತ್ತಿದ್ದ ಜಾಗಗಳು ಅವು. ಅಲ್ಲಿಯೇ ತೀರಿಕೊಂಡವರನ್ನು ಅಲ್ಲಿಯೇ ದಫನ ಮಾಡಲಾಯಿತು. ಇಲ್ಲಿ ತಾಯಂದಿರು ಮುಖವನ್ನೂ ನೋಡದೆ ಕಣ್ಣೀರಿಟ್ಟರು.

ಇದೆಲ್ಲದರ ನಡುವೆ ಹೊಸಬ ಊರಿಗೆ ಕರೆ ಮಾಡಿದಾಗ ಹೇಳಿದ ಮಾತು ಒಂದೇ: “ಇಲ್ಲಿ ಎಲ್ಲ ಚೆನ್ನಾಗಿದೆ.” ಇಲ್ಲಿಂದ ನಾವು ಹೇಳಿದ್ದೂ ಅದನ್ನೇ. ಒಡವೆ ಹರಾಜಿಗೆ ಬಂದಿದೆಯೆಂದು ತಾಯಿ ಹೇಳಲಿಲ್ಲ. ಕೆಲಸ ಹೋಗಿದೆಯೆಂದು ಮಗ ಹೇಳಲಿಲ್ಲ. ಗಲ್ಫ್‌ನಿಂದ ಬರಿಗೈಯಲ್ಲಿ ಮರಳುವುದು ಅವಮಾನವೆಂಬ ಭಾವನೆಯನ್ನು ಅವನಲ್ಲಿ ಬೆಳೆಸಿದವರು ಯಾರು? ನಾವಲ್ಲವೇ? ಮರಳಿ ಬಂದವನನ್ನು ಮೊದಲು ಕೇಳುವ ಪ್ರಶ್ನೆ ‘ಏನು ತಂದೆ’ ಎಂಬುದಾದರೆ ಅವನು ತನ್ನ ನೋವನ್ನು ಯಾರೊಂದಿಗೆ ಹಂಚಿಕೊಳ್ಳಬೇಕು?

ವಂದೇ ಭಾರತ್ ವಿಮಾನಗಳು ಆರಂಭವಾದದ್ದು 2020ರ ಮೇ 7ರಂದು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ರಂದು. ಅಷ್ಟರೊಳಗೆ ಯುಎಇ ಒಂದರಿಂದಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಲು ಹೆಸರು ನೋಂದಾಯಿಸಿದ್ದರು. ಟಿಕೆಟ್ ಹಣವನ್ನು ಪ್ರಯಾಣಿಕರೇ ಕೊಡಬೇಕಿತ್ತು. ಸಂಬಳವೇ ಸಿಗದವನು ಆ ಹಣಕ್ಕಾಗಿ ಮತ್ತೆ ಕೈಚಾಚಿದ. ಇಳಿದ ಮೇಲೆ ಕ್ವಾರಂಟೈನ್, ಮನೆ ಸೇರಿದ ಮೇಲೆ ರೋಗ ತಂದವನೆಂಬ ನೋಟ. ಆ ದಿನಗಳಲ್ಲಿ ಕೋಣೆಕೋಣೆಗೆ ದಿನಸಿ ಕಿಟ್ ಹೊತ್ತ, ಬಾಡಿಗೆ ವಿಮಾನ ಗೊತ್ತುಪಡಿಸಿದ, ಜಾತಿಮತ ಕೇಳದೆ ಟಿಕೆಟ್ ಕೊಡಿಸಿದ ಅನಿವಾಸಿ ಕನ್ನಡಿಗರ ಸೇವೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಆದರೆ ಕೆಲವರ ಔದಾರ್ಯವು ವ್ಯವಸ್ಥೆಯ ಸ್ಥಾನವನ್ನು ತುಂಬಲಾರದು.

ಇನ್ನೊಂದು ವಿಷಯವನ್ನು ಗಮನಿಸಬೇಕು. 2020ರ ಎಪ್ರಿಲ್‌ನಲ್ಲಿ ವಿಶ್ವಬ್ಯಾಂಕು, ಭಾರತಕ್ಕೆ ವಿದೇಶಗಳಿಂದ ಬರುವ ಹಣ ಆ ವರ್ಷ ಶೇ. 23ರಷ್ಟು ಕುಸಿಯಬಹುದೆಂದು ಅಂದಾಜಿಸಿತ್ತು. ವರ್ಷ ಮುಗಿದಾಗ ಬಂದದ್ದು 83 ಶತಕೋಟಿ ಡಾಲರ್. ಇಳಿಕೆ ಕೇವಲ ಶೇ. 0.2. ಈ ಅಂಕಿಯನ್ನಷ್ಟೇ ನೋಡಿದರೆ ಅನಿವಾಸಿಗಳಿಗೆ ಏನೂ ಆಗಿಲ್ಲವೆಂದು ತೋರುತ್ತದೆ. ಆದರೆ ರಿಸರ್ವ್ ಬ್ಯಾಂಕಿನ 2020-21ರ ಸಮೀಕ್ಷೆಯನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. 2016-17ರಲ್ಲಿ ಈ ಹಣದ ಅರ್ಧಕ್ಕೂ ಹೆಚ್ಚು ಪಾಲು ಗಲ್ಫ್ ರಾಷ್ಟ್ರಗಳದ್ದಾಗಿತ್ತು, ನಾಲ್ಕು ವರ್ಷಗಳಲ್ಲಿ ಅದು ಸುಮಾರು ಶೇ. 30ಕ್ಕೆ ಇಳಿಯಿತು. ಯುಎಇಯನ್ನು ಹಿಂದಿಕ್ಕಿ ಅಮೇರಿಕ ಮೊದಲ ಸ್ಥಾನಕ್ಕೆ ಬಂತು. ಒಟ್ಟು ಮೊತ್ತವನ್ನು ಕಾಪಾಡಿದವರಲ್ಲಿ ಅಮೇರಿಕದ ಇಂಜಿನಿಯರೂ ಇದ್ದ, ಗಂಟುಮೂಟೆ ಕಟ್ಟಿ ಉಳಿತಾಯವನ್ನೆಲ್ಲ ಊರಿಗೆ ಕಳುಹಿಸಿದ ಹಳಬನೂ ಇದ್ದ. ಹೊಸದಾಗಿ ಹೋದವನು ಇನ್ನೂ ಒಂದು ರೂಪಾಯಿಯನ್ನೂ ಕಳುಹಿಸಿರಲಿಲ್ಲ. ಆದ್ದರಿಂದ ಅವನು ಮುಳುಗಿದ್ದು ಯಾವ ಲೆಕ್ಕದಲ್ಲೂ ಕಾಣಿಸಲಿಲ್ಲ.

ಆ ಬಳಿಕವಾದರೂ ಅವನಿಗೆ ರಕ್ಷಣೆ ಸಿಕ್ಕಿದೆಯೇ? ಯುಎಇ 2023ರ ಜನವರಿಯಿಂದ ನಿರುದ್ಯೋಗ ವಿಮೆಯನ್ನು ಜಾರಿಗೆ ತಂದದ್ದು ಒಳ್ಳೆಯ ಹೆಜ್ಜೆ. ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು, ಗರಿಷ್ಠ ಮೂರು ತಿಂಗಳು. ಆದರೆ ಸತತ ಹನ್ನೆರಡು ತಿಂಗಳು ಕಂತು ಕಟ್ಟಿದವನಿಗೆ ಮಾತ್ರ. ಅಂದರೆ ಎರಡನೆಯ ತಿಂಗಳಲ್ಲಿ ಕೆಲಸ ಕಳಕೊಂಡವನು ಇಲ್ಲಿಯೂ ಹೊರಗೆ. ನಮ್ಮ ದೇಶದ ಪ್ರವಾಸಿ ಭಾರತೀಯ ವಿಮಾ ಯೋಜನೆ ಅಪಘಾತದಿಂದ ಮರಣ ಹೊಂದಿದರೆ ಹತ್ತು ಲಕ್ಷ ರೂಪಾಯಿ ನೀಡುತ್ತದೆ. ನಿಂತು ಹೋದ ಸಂಬಳಕ್ಕೆ ಅದರಲ್ಲಿ ಪರಿಹಾರವಿಲ್ಲ. ವಿಸಿಟ್ ವೀಸಾದಲ್ಲಿ ಹೊರಟವನಿಗೆ ಆ ವಿಮೆಯೂ ಇಲ್ಲ.

ಸರಕಾರಗಳನ್ನು ದೂರುವುದು ಸುಲಭ. ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಡವೇ? ನೋಂದಾಯಿತ ನೇಮಕಾತಿ ಸಂಸ್ಥೆಗಳು 30 ಸಾವಿರ ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯಬಾರದೆಂಬ ನಿಯಮವನ್ನು ಸರಕಾರ ಮಾಡಿತು. ಆದರೂ ಲಕ್ಷಗಟ್ಟಲೆ ಹಣಕ್ಕೆ ವೀಸಾ ಮಾರುವವರು ಯಾರು? ಹೆಚ್ಚಿನ ಸಂದರ್ಭಗಳಲ್ಲಿ ಅವರು ಹೊರಗಿನವರಲ್ಲ. ನಮ್ಮದೇ ಬಂಧುಗಳು, ನಮ್ಮದೇ ಜಮಾಅತ್‌ನ ಸದಸ್ಯರು, ನಮ್ಮ ಸಮಾರಂಭಗಳಿಗೆ ದೇಣಿಗೆ ಕೊಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು. ಬಡವನ ಮಗನಿಗೆ ವೀಸಾ ಮಾರಿ ಗಳಿಸಿದ ಹಣವನ್ನು ನಾವು ಉಪಕಾರವೆಂದು ಕರೆಯುವುದನ್ನು ನಿಲ್ಲಿಸಬೇಕು.

ಆದ್ದರಿಂದ ನಾಲ್ಕು ವಿಷಯಗಳನ್ನು ಈ ಸಭೆಯ ಮುಂದಿಡುತ್ತಿದ್ದೇವೆ. ಒಂದು, ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯಿಂದ ಹೊಸದಾಗಿ ವಿದೇಶಕ್ಕೆ ಹೊರಡುವವರ ಹೆಸರು, ಪಾಸ್‌ಪೋರ್ಟ್ ಮತ್ತು ಕೆಲಸದ ಕರಾರಿನ ಪ್ರತಿ, ಸಂಬಳ, ಮಾಡಿದ ಸಾಲ ಇವನ್ನು ಗೌಪ್ಯವಾಗಿ ದಾಖಲಿಸಲಿ. ಬಾಕಿ ಸಂಬಳವನ್ನು ಕೇಳಬೇಕಾಗಿ ಬಂದಾಗ ಕೈಯಲ್ಲಿ ಒಂದು ಕಾಗದವಾದರೂ ಇರಬೇಕು. ಎರಡು, ಬಡ್ಡಿಯಿಲ್ಲದ ಸಾಲದ ನಿಧಿಯನ್ನು ಸ್ಥಾಪಿಸಿ, ಸರಿಯಾದ ಕರಾರು ಇರುವವನಿಗೆ ಮಾತ್ರ ಅದರಿಂದ ಕೊಡೋಣ. ಕರಾರು ಇಲ್ಲದವನನ್ನು ತಡೆಯುವುದೂ ನೆರವೇ. ಮೂರು, ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗ್ರಸ್ತನೂ ದಾರಿಹೋಕನೂ ಇದ್ದಾರೆ. ಪರದೇಶದಲ್ಲಿ ಸಾಲ ಹೊತ್ತು ಸಿಕ್ಕಿಬಿದ್ದವನು ಒಂದೇ ವೇಳೆ ಇಬ್ಬರೂ ಆಗಿದ್ದಾನೆ. ಅವನಿಗೆ ಕೊಡುವಾಗ ಹಿಂಜರಿಕೆಯೇಕೆ? ನಾಲ್ಕು, ಕೇರಳವು 1996ರಲ್ಲಿಯೇ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆಯನ್ನು ತೆರೆಯಿತು, 2008ರ ಕಾಯ್ದೆಯ ಮೂಲಕ ಕ್ಷೇಮನಿಧಿ ಮಂಡಳಿಯನ್ನು ರಚಿಸಿತು. ರಜೆಯಲ್ಲಿ ಬಂದು 2020ರಲ್ಲಿ ಮರಳಲಾಗದೆ ಉಳಿದವರಿಗೆ ತಲಾ ಐದು ಸಾವಿರ ರೂಪಾಯಿ ನೀಡಿತು. ಮೊತ್ತ ಚಿಕ್ಕದು, ಆದರೆ ಅದನ್ನು ತಲುಪಿಸಲು ಒಂದು ವ್ಯವಸ್ಥೆಯಿತ್ತು. ಕರ್ನಾಟಕದ ಅನಿವಾಸಿ ಕಾರ್ಮಿಕರಿಗೂ ಕಾನೂನಿನ ಬಲವುಳ್ಳ ಅಂತಹ ಮಂಡಳಿ ಬೇಕೆಂದು ಹಿಂದೂ, ಕ್ರೈಸ್ತ ಸಹೋದರರ ಜೊತೆಗೂಡಿ ನಾವು ಒತ್ತಾಯಿಸಬೇಕು. ಗಲ್ಫ್‌ನ ಒಂದೇ ಕೋಣೆಯಲ್ಲಿ ಅವರ ಮಕ್ಕಳೂ ನಮ್ಮ ಮಕ್ಕಳೂ ಒಟ್ಟಿಗೆ ಹಸಿದಿದ್ದರು.

ನಾಳೆ ಇನ್ನೊಂದು ಸಾಂಕ್ರಾಮಿಕ ಬರಬಹುದು, ಯುದ್ಧ ಬರಬಹುದು, ತೈಲದ ಬೆಲೆ ಕುಸಿಯಬಹುದು. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ತಾಯಿಯ ಒಡವೆಯನ್ನು ಅಡವಿಟ್ಟು ಹೊರಡುವ ಯುವಕನನ್ನು ವಿಮಾನ ಹತ್ತುವ ಮೊದಲು ಕುಳ್ಳಿರಿಸಿ, ಅವನ ಕೈಯಲ್ಲಿರುವ ಕಾಗದವನ್ನು ಒಮ್ಮೆ ಓದಿ ಹೇಳುವುದು ನಮ್ಮ ಕೈಯಲ್ಲಿದೆ. ಈ ವಾರ ನಮ್ಮ ನಮ್ಮ ಊರಿನಿಂದ ಯಾರು ಹೊರಡುತ್ತಿದ್ದಾರೆಂದು ವಿಚಾರಿಸಿ, ಅಲ್ಲಿಂದಲೇ ಆರಂಭಿಸೋಣ.