‘ನಾಳೆ ಬಾ’ ಎನ್ನುವ ಮುನ್ನ



ದೆವ್ವ ಬಾರದಿರಲೆಂದು ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ನೀವು ಹಿರಿಯರಿಂದ ಕೇಳಿರಬಹುದು. ಫೋನಿನ ಪರದೆಯ ಮೇಲೆ ತುರ್ತು ಸುರಕ್ಷತಾ ಅಪ್‌ಡೇಟ್‌ನ ಸೂಚನೆ ಮೂಡಿದಾಗಲೂ ನಮ್ಮಲ್ಲಿ ಅನೇಕರು ಹೇಳುವುದು ಅದೇ ಮಾತನ್ನು. ಆದರೆ ಇಲ್ಲಿ ಬಾಗಿಲಿಗೆ ಬಂದಿರುವವನು ಬೀಗ ರಿಪೇರಿಯವನು!

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನಲ್ಲಿದ್ದ ಒಂದು ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಬಿಡುಗಡೆ ಮಾಡಿತು. ಹಲವರು ಅದನ್ನು ಅಳವಡಿಸಿಕೊಳ್ಳಲಿಲ್ಲ. 59 ದಿನಗಳ ನಂತರ, ಮೇ 12ರಂದು, ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿತು. ಸುಮಾರು 150 ದೇಶಗಳಲ್ಲಿ ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು.

ಮುಂದೂಡಿದವರೆಲ್ಲ ಸೋಮಾರಿಗಳೇ? ಅಲ್ಲ. ಕೆಲಸ ನಿಂತರೆ, ಹಳೆಯ ಯಂತ್ರ ಕೈಕೊಟ್ಟರೆ ಎಂಬ ಭಯಕ್ಕೆ ಕಾರಣವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟೇ ಸುಮಾರು 85 ಲಕ್ಷ ಗಣಕಗಳನ್ನು ಸ್ಥಗಿತಗೊಳಿಸಿತು.

ಆದರೂ ಒಂದು ವಿಷಯ ಗಮನಿಸಿ. ಅಪ್‌ಡೇಟ್ ಬಿಡುಗಡೆಯಾದೊಡನೆ ಬೀಗ ಎಲ್ಲಿ ಸಡಿಲವಿತ್ತೆಂಬುದು ಕಳ್ಳನಿಗೂ ತಿಳಿಯುತ್ತದೆ. ಹಳೆಯ ಹಾಗೂ ಹೊಸ ತಂತ್ರಾಂಶಗಳನ್ನು ಹೋಲಿಸಿ ಆತ ದಾರಿ ಹುಡುಕುತ್ತಾನೆ. ಅಂದಿನಿಂದ ನಾವು ತಡಮಾಡುವ ಒಂದೊಂದು ದಿನವೂ ಅವನಿಗೆ ಲಾಭ.

ಹಾಗಾದರೆ ಮಾಡಬೇಕಾದುದೇನು? ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ಫೋನಿನ ಸೆಟ್ಟಿಂಗ್ಸ್‌ನಿಂದಲೇ ಅಪ್‌ಡೇಟ್ ಪಡೆಯಿರಿ. ರಾತ್ರಿ ಮಲಗುವ ಮುನ್ನ ಫೋನನ್ನು ಚಾರ್ಜಿಗೆ ಹಾಕಿ ಆ ಕೆಲಸ ಮುಗಿಸಿ. ಮನೆಯ ಹಿರಿಯರ ಫೋನನ್ನೂ ಒಮ್ಮೆ ನೋಡಿಕೊಡಿ.