ಹಿಮದಲ್ಲಿ ಸಿಕ್ಕ ಗೂಡು
(ನಮ್ಮ ಕೂಟದ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)

ಮೈಕ್ ಹಿಡಿದು ಅಭ್ಯಾಸ ಇಲ್ಲ, ಐದು ನಿಮಿಷ ಸಹಿಸ್ಕೊಳ್ಳಿ.

ನಮ್ಮೂರು ರಾಮನಗರದ ಕಡೆ, ಮನೇಲಿ ರೇಷ್ಮೆ ಹುಳು ಸಾಕ್ತಿದ್ರು. ಹೋದ ವರ್ಷ ಜನವರಿಯಲ್ಲಿ, ಬ್ರಾಂಪ್ಟನ್‌ನಲ್ಲಿ ನಾನು ಬಾಡಿಗೆಗಿರುವ ಬೇಸ್‌ಮೆಂಟ್ ಮನೆಯ ಹಿತ್ತಲಲ್ಲಿ ಹಿಮ ಗೋರುತ್ತಿದ್ದೆ. ಮೇಪಲ್ ಕೊಂಬೆಗೆ ಕಂದು ಬಣ್ಣದ್ದೇನೋ ಅಂಟಿಕೊಂಡಿತ್ತು. ಬೇರೆಯವರಾದ್ರೆ ಒಣಗಿದ ಎಲೆ ಅನ್ನುತ್ತಿದ್ರು. ನನಗೆ ಗೊತ್ತಾಯ್ತು, ಗೂಡು! ನಮ್ಮ ರೇಷ್ಮೆ ಗೂಡಿನ ಎರಡರಷ್ಟು ಉದ್ದ. ಪಾಪ, ಈ ಚಳಿಗೆ ಸಾಯುತ್ತೆ ಅಂತ ಕೊಂಬೆ ಸಮೇತ ಮುರಿದು ತಂದು ಹೀಟರ್ ಪಕ್ಕ ಇಟ್ಟೆ. ಅದೇ ತಪ್ಪಾಗಿದ್ದು.

ಅದು ಸೆಕ್ರೋಪಿಯಾ ಪತಂಗದ ಗೂಡು. ಉತ್ತರ ಅಮೆರಿಕದ ಸ್ಥಳೀಯ ಪತಂಗಗಳಲ್ಲೆಲ್ಲ ಇದೇ ದೊಡ್ಡದು. ರೆಕ್ಕೆ ಬಿಚ್ಚಿದರೆ 13ರಿಂದ 18 ಸೆಂ.ಮೀ. ನಮ್ಮ ಮಲೆನಾಡಿನ ಅಟ್ಲಾಸ್ ಪತಂಗ, ರೆಕ್ಕೆ ತುದಿಯಲ್ಲಿ ಹಾವಿನ ತಲೆ ಇದ್ದ ಹಾಗೆ ಕಾಣುತ್ತಲ್ಲ, ಊಟದ ತಟ್ಟೆಯಷ್ಟು ಅಗಲ, ಅದು ಇದೇ ಕುಟುಂಬದ ದೊಡ್ಡಣ್ಣ.

ಜೂನ್ ಹೊತ್ತಿಗೆ ಮೊಟ್ಟೆ. ಹುಳು ಮೇಪಲ್, ಚೆರ್ರಿ, ಬರ್ಚ್ ಎಲೆ ತಿಂದು, ನಮ್ಮ ಹುಳುವಿನ ಹಾಗೇ ನಾಲ್ಕು ಜ್ವರ ಕಳೆದು, ಹಣ್ಣಾಗಿ ಗೂಡು ಕಟ್ಟುತ್ತೆ. ಕೊಂಬೆಯೇ ಚಂದ್ರಿಕೆ. ಚಳಿಗಾಲವಿಡೀ ಒಳಗೆ ಕೋಶವಾಗಿ ಮಲಗಿರುತ್ತೆ. ಆ ಚಳಿ ಅದಕ್ಕೆ ಬೇಕೇ ಬೇಕು. ಚಳಿ ಕಳೆದು ಬಿಸಿ ತಾಕಿದರೆ, ಹೊರಗೆ ಬರೋ ಕಾಲ ಬಂತು ಅಂತ ಲೆಕ್ಕ. ನನ್ನ ಹೀಟರ್ ಅದಕ್ಕೆ ಸುಳ್ಳು ಹೇಳಿತು.

ಫೆಬ್ರವರಿ ಕೊನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ್ರೆ ಕಿಟಕಿ ಪರದೆ ಮೇಲೆ ಕೂತಿದೆ! ಇಟ್ಟಿಗೆ ಕೆಂಪಿನ ಮೈ, ಬಿಳಿ ಪಟ್ಟೆ, ಒಂದೊಂದು ರೆಕ್ಕೆಗೂ ಒಂದೊಂದು ಅರ್ಧಚಂದ್ರ. ಹೊಟ್ಟೆ ದಪ್ಪ, ಹೆಣ್ಣು. ಸಕ್ಕರೆ ನೀರಿಟ್ಟೆ, ಮುಟ್ಟಲಿಲ್ಲ. ಹೇಗೆ ಮುಟ್ಟುತ್ತೆ? ಪತಂಗವಾದ ಮೇಲೆ ಇವಕ್ಕೆ ತಿನ್ನೋ ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದೆರಡು ವಾರ ಬದುಕು. ಅಷ್ಟರಲ್ಲಿ ಹೆಣ್ಣು ಬೆಳಗಿನ ಜಾವ ವಾಸನೆ ಬಿಡಬೇಕು, ಗಂಡು ತನ್ನ ಗರಿಯಂಥ ಮೀಸೆಯಲ್ಲಿ ಮೈಲಿ ದೂರದಿಂದ ಅದನ್ನ ಹಿಡಿದು ಬರಬೇಕು. ಫೆಬ್ರವರಿಯಲ್ಲಿ ಯಾರು ಬರ್ತಾರೆ? ಗಂಡುಗಳೆಲ್ಲ ಹೊರಗೆ ಗೂಡಲ್ಲಿ ಮಲಗಿವೆ. ಒಂಬತ್ತು ದಿನ ಇತ್ತು. ಪರದೆ ತುಂಬ ಮರಿಯಾಗದ ಮೊಟ್ಟೆ ಇಟ್ಟು ಸತ್ತಿತು. ಆ ಪರದೆ ಒಗೆಯೋಕೆ ನನಗೆ ತಿಂಗಳು ಬೇಕಾಯ್ತು.

ನಮ್ಮಲ್ಲಿ ಸುಮಾರು ಜನ ಲ್ಯಾಂಡ್‌ಸ್ಕೇಪಿಂಗ್ ಕೆಲಸದಲ್ಲಿದ್ದೀರಿ. ಕೊಂಬೆ ಕತ್ತರಿಸಿ ಕಸದ ಚೀಲಕ್ಕೆ ತುಂಬೋ ಮುಂಚೆ ಒಂದ್ಸಲ ನೋಡಿ. ಗೂಡಿದ್ರೆ ಆ ತುಂಡನ್ನ ಹೊರಗೇ ಇನ್ನೊಂದು ಮರಕ್ಕೆ ಕಟ್ಟಿ. ಮನೆಯೊಳಗೆ ಮಾತ್ರ ತರಬೇಡಿ.

ಈ ಸಲ ಅದೇ ಮೇಪಲ್‌ನಲ್ಲಿ ಇನ್ನೊಂದು ಗೂಡಿದೆ, ಮುಟ್ಟಿಲ್ಲ. ಜೂನ್ ಹತ್ತಿರ ಬಂದ ಹಾಗೆ ದಿನಾ ಶಿಫ್ಟ್ ಮುಗಿಸಿ ಬಂದು ನೋಡೋನಿದ್ದೀನಿ. ಬರೋರು ಬನ್ನಿ, ಟೀ ನಂದು.